ಲಿಂಕ್ ಬಂತು ಅಂತ ಎದ್ದುಬಿಡಬೇಡಿ

ನೆಟ್‌ವರ್ಕ್ ಕಂಟ್ರೋಲ್ ರೂಮಿಗೆ ಹೊಸದಾಗಿ ಸೇರಿ, ರಾತ್ರಿ ಪಾಳಿ ಹಿಡಿದು, ಗೋಡೆ ತುಂಬ ಮಿನುಗುವ ಪರದೆಗಳ ಮುಂದೆ ಕೂರುವ ನಿಮಗೆ ನಾಲ್ಕು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ತಲೆ ನರೆತವಳು ನಾನು. ನಿಮ್ಮ ಓದು ನನಗಿಂತ ಹೆಚ್ಚು, ನಿಮ್ಮ ಕೈಗೆ ಕೊಟ್ಟಿರುವ ಯಂತ್ರಗಳೂ ನಮ್ಮ ಕಾಲದವಕ್ಕಿಂತ ಜಾಣ. ಆದರೂ ಫಾಲ್ಟ್ ಬಂದಾಗ ನೀವು ಬೀಳುವ ಆತುರ ನೋಡಿದರೆ ಸುಮ್ಮನಿರಲು ಆಗುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಅಂದದ್ದು ಈ ಕೆಲಸಕ್ಕೆ ಸರಿಯಾಗಿ ಒಪ್ಪುತ್ತದೆ. ನೆಟ್‌ವರ್ಕ್ ಬೀಳುವಾಗ ಆಗುವ ಹಾನಿಗಿಂತ, ಅದನ್ನು ಗಡಿಬಿಡಿಯಲ್ಲಿ ಎಬ್ಬಿಸುವಾಗ ಆಗುವ ಹಾನಿ ಎಷ್ಟೋ ಸಲ ದೊಡ್ಡದು. ಎಬ್ಬಿಸುವ ಹದವನ್ನು ಕಲಿಯಿರಿ, ಉಳಿದದ್ದು ತಾನಾಗಿ ಬರುತ್ತದೆ.

ಧಾರವಾಡದಿಂದ ಒಬ್ಬರು ಮೈಸೂರಿನ ನಂಬರ್ ಒತ್ತಿದರೆ, ದನಿ ಹೊರಡುವ ಮೊದಲೇ ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲಿ ಮಾತಾಡಿ ಮುಗಿಸಿರುತ್ತವೆ. ಈ ನಂಬರ್ ಈಗ ಎಲ್ಲಿದೆ, ಯಾವ ಸರ್ಕ್ಯೂಟ್ ಖಾಲಿ ಇದೆ, ಗಂಟೆ ಬಾರಿಸಲೇ, ಎತ್ತಿದರೇ, ಇಟ್ಟರೇ, ಇದೆಲ್ಲ ಸಿಗ್ನಲಿಂಗ್. ಹಿಂದೆ ಈ ಮಾತುಕತೆ ದನಿ ಹೋಗುವ ದಾರಿಯಲ್ಲೇ ಟೋನುಗಳಾಗಿ ಹೋಗುತ್ತಿತ್ತು. 1980ರಲ್ಲಿ ಸಿಸಿಐಟಿಟಿ ಎಂಬ ಅಂತರರಾಷ್ಟ್ರೀಯ ಸಮಿತಿ ‘ಸಿಗ್ನಲಿಂಗ್ ಸಿಸ್ಟಂ ನಂಬರ್ 7’ (ಎಸ್‌ಎಸ್7) ಎಂಬ ಕಟ್ಟಳೆ ತಂದ ಮೇಲೆ ಅದಕ್ಕೆ ಬೇರೆಯೇ ದಾರಿಯಾಯಿತು. ಸೆಕೆಂಡಿಗೆ 64 ಕಿಲೋಬಿಟ್ ಸಾಗಿಸುವ ಒಂದು ಸಣ್ಣ ಲಿಂಕ್ ಸಾವಿರಕ್ಕೂ ಹೆಚ್ಚು ಸರ್ಕ್ಯೂಟುಗಳ ಯಜಮಾನಿಕೆ ಮಾಡುತ್ತದೆ. ನೀವು ಕಳಿಸುವ ಎಸ್‌ಎಂಎಸ್, ಬ್ಯಾಂಕಿನ ಓಟಿಪಿ, ಹೊರರಾಜ್ಯಕ್ಕೆ ಹೋದಾಗಿನ ರೋಮಿಂಗ್, ಎಲ್ಲ ಸಿಗ್ನಲಿಂಗ್ ಬಲದಲ್ಲೇ ನಡೆಯುವುದು. 4ಜಿ ಬಂದ ಮೇಲೆ ಡಯಾಮೀಟರ್, ಸಿಪ್ ಅಂತ ಹೆಸರು ಬದಲಾಗಿದೆ, ಕೆಲಸ ಅದೇ. ದನಿಯ ದಾರಿ ಒಂದು ಕೆಟ್ಟರೆ ಅಷ್ಟು ಕರೆ ಹೋಗುತ್ತದೆ. ಸಿಗ್ನಲಿಂಗ್ ಕೆಟ್ಟರೆ ಟವರ್, ಕೇಬಲ್, ಕರೆಂಟು ಎಲ್ಲ ಸರಿಯಿದ್ದೂ ಊರಿಗೆ ಊರೇ ಮೂಕವಾಗುತ್ತದೆ.

ದಾರಿ ಬೇರೆಯಾದದ್ದರಿಂದ ಒಂದು ಹೊಸ ತಂಟೆಯೂ ಬಂತು. ಗಂಟೆ ಬಾರಿಸುತ್ತದೆ, ಆ ಕಡೆಯವರು ಎತ್ತುತ್ತಾರೆ, ಬಿಲ್ ಓಡುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಲಿಂಕ್ ಹಸಿರಾಗಿದೆಯಲ್ಲ ಅಂತ ನೀವು ದೂರನ್ನು ವಾಪಸ್ ಕಳಿಸಬೇಡಿ. ಎರಡು ಎಕ್ಸ್‌ಚೇಂಜುಗಳ ನಡುವಿನ ಪ್ರತಿ ಸರ್ಕ್ಯೂಟಿಗೂ ಸಿಐಸಿ ಅಂತ ಒಂದು ಸಂಖ್ಯೆ ಇರುತ್ತದೆ, ಎರಡೂ ತುದಿಯಲ್ಲಿ ಅದು ಒಂದೇ ಆಗಿರಬೇಕು. ಡಿಡಿಎಫ್ ಚೌಕಟ್ಟಿನಲ್ಲಿ ಯಾರೋ ಎರಡು ಇ1 ಕೇಬಲ್ ಅದಲುಬದಲು ಸಿಕ್ಕಿಸಿದರು ಅನ್ನಿ. ಒಂದು ಇ1ನಲ್ಲಿ 32 ಟೈಮ್‌ಸ್ಲಾಟ್. ಸಿಗ್ನಲಿಂಗ್ ತನ್ನ ದಾರಿಯಲ್ಲಿ ಹೋಗಿ ‘11ರಲ್ಲಿ ಮಾತಾಡಿ’ ಅನ್ನುತ್ತದೆ. ಈ ಕಡೆಯ 11 ಹೋಗಿ ಆ ಕಡೆಯ 43ಕ್ಕೆ ಸೇರಿರುತ್ತದೆ. ಸರ್ಕ್ಯೂಟುಗಳನ್ನು ಒಂದೊಂದಾಗಿ ಹಿಡಿದು ಟೆಸ್ಟ್ ಕರೆ ಮಾಡಿ, ಎಲ್ಲಿಂದ ಎಲ್ಲಿಯವರೆಗೆ ದನಿ ಇಲ್ಲ ಅಂತ ಕಾಗದದ ಮೇಲೆ ಗುರುತು ಹಾಕಿ. ಸರಿಯಾಗಿ ಇಡೀ ಇ1 ಅಗಲಕ್ಕೆ ದನಿ ಇಲ್ಲದಿದ್ದರೆ ಮೊದಲು ಕೇಬಲ್ ನೋಡಿ. ಅಲ್ಲೊಂದು ಇಲ್ಲೊಂದು ಇದ್ದರೆ ಕಾರಣ ಬೇರೆ. ಇನ್ನು ಲೂಪ್ ವಿಷಯ. ಪರೀಕ್ಷೆಗೆಂದು ಲೂಪ್ ಹಾಕುತ್ತೀರಿ, ಅಷ್ಟರಲ್ಲಿ ಯಾರೋ ಕರೆಯುತ್ತಾರೆ, ಎದ್ದು ಹೋಗುತ್ತೀರಿ, ಲೂಪ್ ಅಲ್ಲೇ ಉಳಿಯುತ್ತದೆ. ಮುಂದಿನ ಪಾಳಿಯವರು ರಾತ್ರಿಯೆಲ್ಲ ಇಲ್ಲದ ಫಾಲ್ಟ್ ಹುಡುಕುತ್ತಾರೆ. ಹಾಕಿದವರೇ ತೆಗೆಯಬೇಕು, ಹಾಕಿದ ಜಾಗದಲ್ಲಿ ಹೆಸರು, ಹೊತ್ತು ಬರೆದ ಚೀಟಿ ಕಟ್ಟಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಅಲಾರಂ. ರಸ್ತೆ ಅಗೆಯುವ ಜೆಸಿಬಿ ಒಂದು ಫೈಬರ್ ಕಿತ್ತರೆ ಸಾಕು, ಪರದೆಯ ಮೇಲೆ ನೂರಾರು ಕೆಂಪು ಸಾಲು ಒಟ್ಟಿಗೆ ಸುರಿಯುತ್ತವೆ. ನೀವು ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದಕ್ಕೂ ಟಿಕೆಟ್ ಹಾಕುತ್ತಾ ಕೂರುತ್ತೀರಿ. ಹಾಗೆ ಮಾಡಬೇಡಿ. ಎರಡು ನಿಮಿಷ ಕೈಕಟ್ಟಿ ಓದಿ. ಎಲ್‌ಒಎಸ್ ಅಂದರೆ ತನಗೆ ಬೆಳಕೇ ಬರುತ್ತಿಲ್ಲ ಅಂತ ಯಂತ್ರ ಹೇಳುತ್ತಿದೆ, ಗಾಯ ಅದರ ಪಕ್ಕದಲ್ಲೇ ಇದೆ. ಎಐಎಸ್ ಅಂದರೆ ಮೇಲುಗಡೆ ಎಲ್ಲೋ ಕೆಟ್ಟಿದೆ, ಸುದ್ದಿ ಮುಟ್ಟಿಸುತ್ತಿದ್ದೇನೆ ಅಷ್ಟೇ ಅಂತ. ಎಐಎಸ್ ಬಂದ ಕಡೆಗೆ ಓಡಿಹೋಗಿ, ನೆಟ್ಟಗಿರುವ ಕಾರ್ಡನ್ನು ಕಿತ್ತು, ಊದಿ, ಮತ್ತೆ ಹಾಕುವವರನ್ನು ನೋಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಹೊತ್ತಿನ ಪ್ರಕಾರ ಸಾಲು ಜೋಡಿಸಿ, ಮೊದಲು ಬಂದ ಅಲಾರಂ ಯಾವುದು ನೋಡಿ, ಅದರಿಂದ ಹಿಂದಕ್ಕೆ ಹೋಗಿ.

ಸದ್ದು ನಿಲ್ಲಲಿ ಅಂತ ‘ಅಕ್ನಾಲೆಜ್’ ಒತ್ತಿ ಕೂರುವ ಚಟ ನಿಮ್ಮಲ್ಲಿ ಹಲವರಿಗೆ ಇದೆ. ಒತ್ತಿದ ಮೇಲೆ ಆ ಅಲಾರಂ ನಿಮ್ಮದು, ಅದರ ಹೊಣೆಯೂ ನಿಮ್ಮದು. ಬಂದು ಬಂದು ಹೋಗುವ ಅಲಾರಂ ಕಂಡರೆ ‘ತಾನೇ ಸರಿಹೋಯಿತು’ ಅಂತ ಬಿಡಬೇಡಿ. ಗಂಟೆಗೆ ಎಷ್ಟು ಸಲ ಬಂತು, ಬಿಸಿಲಿನ ಹೊತ್ತಿಗೋ ಮಳೆಯ ಹೊತ್ತಿಗೋ, ಬರೆಯಿರಿ. ಪೂರ್ತಿ ಸತ್ತ ಲಿಂಕಿಗಿಂತ ಹೀಗೆ ಓಲಾಡುವ ಲಿಂಕ್ ಕೆಟ್ಟದ್ದು. ಸತ್ತರೆ ಟ್ರಾಫಿಕ್ ಜೋಡಿ ಲಿಂಕಿಗೆ ಹೋಗಿ ನೆಲೆ ನಿಲ್ಲುತ್ತದೆ. ಓಲಾಡಿದರೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಗ್ಗಾಡಿ, ಪ್ರತಿ ಜಗ್ಗಾಟದಲ್ಲೂ ಸಂದೇಶ ಹಿಂದುಮುಂದಾಗುತ್ತದೆ. ಅಂಥದ್ದನ್ನು ಕೈಯಾರೆ ನಿಲ್ಲಿಸಿ ಬದಿಗಿಟ್ಟು, ಕಾರಣ ಸಿಕ್ಕ ಮೇಲೆ ತನ್ನಿ. ಇನ್ನೊಂದು ಕಡೆ, ಬೇಡದ ಅಲಾರಂಗಳನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕತೆಯಾಗುತ್ತದೆ. ವಾರಕ್ಕೊಮ್ಮೆ ಕೂತು ಅವನ್ನು ಸ್ವಚ್ಛ ಮಾಡಿ.

ಯಾರೋ ಫೋನಿನಲ್ಲಿ ‘ಎಚ್‌ಎಲ್‌ಆರ್ ಬಿದ್ದಿದೆಯಂತೆ’ ಅಂದರೆ ಸಾಕು, ಇಡೀ ಕೋಣೆ ಗ್ರಾಹಕರ ದಾಖಲೆ ಇಡುವ ಆ ಯಂತ್ರದ ಕಡೆಗೆ ತಿರುಗುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮೊದಲು ಅಂಕಿ ನೋಡಿ. ಪ್ರತಿ ಕರೆಯೂ ಮುಗಿಯುವಾಗ ಒಂದು ಕಾರಣದ ಸಂಖ್ಯೆ ಬಿಟ್ಟು ಹೋಗುತ್ತದೆ. 16 ಅಂದರೆ ಮಾತಾಡಿ ಇಟ್ಟರು, 17 ಅಂದರೆ ಆ ಕಡೆ ಬಿಜಿ. ಇವು ಎಷ್ಟಿದ್ದರೂ ಗಾಬರಿಯಿಲ್ಲ. 34 ಏರುತ್ತಿದ್ದರೆ ಸರ್ಕ್ಯೂಟ್ ಸಾಲುತ್ತಿಲ್ಲ. 42 ಏರಿದರೆ ಸ್ವಿಚ್ಚೇ ದಣಿದಿದೆ. 102 ಏರಿದರೆ ಕೇಳಿದ್ದಕ್ಕೆ ಯಾರೋ ಉತ್ತರ ಕೊಡುತ್ತಿಲ್ಲ, ಕಾಯುವ ಹೊತ್ತು ಮೀರಿದೆ. ಮಾಮೂಲಿ ದಿನ ಈ ಸಂಖ್ಯೆಗಳು ಎಷ್ಟಿರುತ್ತವೆ ಅಂತ ಸಮಾಧಾನದ ಹೊತ್ತಿನಲ್ಲಿ ನೋಡಿ ಇಟ್ಟುಕೊಂಡಿದ್ದರೆ ಮಾತ್ರ ಕೆಟ್ಟ ದಿನ ಅವು ನಿಮಗೆ ಮಾತು ಹೇಳುತ್ತವೆ. ಹಾಗೆಯೇ ಗಡಿಯಾರ. ಒಂದು ಯಂತ್ರದ ಲಾಗ್ ಯುಟಿಸಿಯಲ್ಲಿ, ಇನ್ನೊಂದರದು ನಮ್ಮ ಭಾರತದ ಸಮಯದಲ್ಲಿ ಇದ್ದರೆ ನಡುವೆ 5 ಗಂಟೆ 30 ನಿಮಿಷ ಅಂತರ. ಯಾವುದು ಮೊದಲು, ಯಾವುದು ನಂತರ ಅಂತ ತಿಳಿಯದೆ ಕಾರಣವನ್ನೇ ಪರಿಣಾಮ ಅಂದುಕೊಳ್ಳುತ್ತೀರಿ. ಎಲ್ಲ ಯಂತ್ರಗಳೂ ಒಂದೇ ಎನ್‌ಟಿಪಿ ಗಡಿಯಾರಕ್ಕೆ ಹೊಂದಿಕೊಂಡಿವೆಯೇ ಅಂತ ಇವತ್ತೇ ನೋಡಿ, ಫಾಲ್ಟ್ ಬರುವ ತನಕ ಕಾಯಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1990ರ ಜನವರಿ 15, ಅಮೆರಿಕದಲ್ಲಿ ರಜೆಯ ಸೋಮವಾರ. ಎಟಿ ಅಂಡ್ ಟಿ ಕಂಪನಿಯ ನ್ಯೂಯಾರ್ಕಿನ ಒಂದು ಸ್ವಿಚ್ಚಿಗೆ ಸಣ್ಣ ತೊಂದರೆಯಾಯಿತು. ಅದು ನಿಯಮದಂತೆ ಕೆಲವು ಸೆಕೆಂಡು ತನ್ನನ್ನು ತಾನು ಸುಧಾರಿಸಿಕೊಂಡು, ಮತ್ತೆ ಕೆಲಸಕ್ಕೆ ಬಂದು, ಕರೆಗಳ ಸಂದೇಶ ಕಳಿಸತೊಡಗಿತು. ಪಕ್ಕದ ಸ್ವಿಚ್ಚುಗಳು ‘ಇದು ಎದ್ದಿತು’ ಅಂತ ತಮ್ಮ ಪಟ್ಟಿ ತಿದ್ದಿಕೊಳ್ಳುತ್ತಿರುವಾಗಲೇ ಎರಡನೆಯ ಸಂದೇಶ ಬಂದು ಬಿತ್ತು. ಹಿಂದಿನ ಡಿಸೆಂಬರಿನಲ್ಲಿ ಹಾಕಿದ್ದ ಹೊಸ ಸಾಫ್ಟ್‌ವೇರಿನಲ್ಲಿ, ತಪ್ಪು ಜಾಗದಲ್ಲಿ ಕೂತಿದ್ದ ಒಂದೇ ಒಂದು ‘ಬ್ರೇಕ್’ ಆಜ್ಞೆಯಿಂದಾಗಿ ಅವೂ ಬಿದ್ದವು. ಬಿದ್ದವು ಎದ್ದು ಸಂದೇಶ ಕಳಿಸಿದವು, ಅದರಿಂದ ಅವುಗಳ ಪಕ್ಕದವು ಬಿದ್ದವು. ಹೀಗೆ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತಾ ಸುಮಾರು 9 ಗಂಟೆ ಕಾಲ ದೇಶದ ದೂರಕರೆಗಳಲ್ಲಿ ಅರ್ಧದಷ್ಟು ಸೇರಲಿಲ್ಲ. ಗಮನಿಸಿ, ಯಾವ ಯಂತ್ರವೂ ಸುಟ್ಟಿರಲಿಲ್ಲ, ಯಾವ ಕೇಬಲ್ಲೂ ಹರಿದಿರಲಿಲ್ಲ. ಕೇಡು ಇದ್ದದ್ದು ‘ನಾನು ಎದ್ದೆ’ ಅನ್ನುವ ಸಂದೇಶ ಬರುವ ಆ ಗಳಿಗೆಯಲ್ಲಿ. ಕೊನೆಗೆ ಇಂಜಿನಿಯರುಗಳು ಮಾಡಿದ್ದೇನು? ಸಿಗ್ನಲಿಂಗ್ ಮೇಲಿನ ಸಂದೇಶಗಳ ಭಾರ ಇಳಿಸಿದರು. ನೆಟ್‌ವರ್ಕ್ ತಾನಾಗಿ ನೆಲೆ ನಿಂತಿತು.

ಅದು ಹಳೆಯ ಕತೆ ಅನ್ನಬೇಡಿ. 2022ರ ಜುಲೈ 2, ಜಪಾನಿನಲ್ಲಿ ರಾತ್ರಿ 1 ಗಂಟೆ 35 ನಿಮಿಷ. ಕೆಡಿಡಿಐ ಕಂಪನಿಯವರು ಮಾಮೂಲಿ ನಿರ್ವಹಣೆಗೆಂದು ಒಂದು ಕೋರ್ ರೂಟರ್ ಬದಲಿಸುತ್ತಿದ್ದರು. ಹಳೆಯ ಕೆಲಸದ ಪಟ್ಟಿಯನ್ನೇ ಹಿಡಿದು ಮಾಡಿದ್ದರಿಂದ ದಾರಿಯ ಸೆಟ್ಟಿಂಗ್ ತಪ್ಪಿತು. ತಪ್ಪು ತಿಳಿದು ಹಿಂದಿನ ಸ್ಥಿತಿಗೆ ತಂದರು. ದನಿಯ ಕರೆ ನಿಂತದ್ದು 15 ನಿಮಿಷ. ಆದರೆ 4ಜಿಯಲ್ಲೇ ದನಿ ಸಾಗಿಸುವ ವೋಲ್ಟೆ ಫೋನುಗಳು 50 ನಿಮಿಷಕ್ಕೊಮ್ಮೆ ‘ನಾನಿಲ್ಲಿದ್ದೇನೆ’ ಅಂತ ನೋಂದಣಿ ಮಾಡಿಸಿಕೊಳ್ಳಬೇಕು. ಆ 15 ನಿಮಿಷದಲ್ಲಿ ತಪ್ಪಿಸಿಕೊಂಡವೆಲ್ಲ ಒಟ್ಟಿಗೆ ಬಾಗಿಲು ಬಡಿದವು, ತೆಗೆಯದಿದ್ದಾಗ ಮತ್ತೆ ಬಡಿದವು. ವೋಲ್ಟೆ ನೋಡುಗಳು ಉಸಿರುಗಟ್ಟಿದವು, ಗ್ರಾಹಕರ ದಾಖಲೆ ಇಡುವ ಡೇಟಾಬೇಸಿನಲ್ಲಿ ಒಂದಕ್ಕೊಂದು ಹೊಂದದ ವಿವರ ಸೇರಿಕೊಂಡಿತು. ಅವರ 18 ವೋಲ್ಟೆ ನೋಡುಗಳಲ್ಲಿ 6 ನೋಡುಗಳು ಬೇಡದ ಸಂದೇಶಗಳನ್ನು ಸುರಿಯುತ್ತಲೇ ಇದ್ದವು ಅಂತ ಗೊತ್ತಾಗಿ, ಅವನ್ನು ಬೇರ್ಪಡಿಸುವ ಹೊತ್ತಿಗೆ ಮೂರನೆಯ ದಿನ. ಒಟ್ಟು 61 ಗಂಟೆ 25 ನಿಮಿಷ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದನ್ನು ನಾವು ಒಡೆಯುವ ಮಾತಾಗಿ ಕೇಳಿದ್ದೇವೆ. ಒಡೆದ 15 ನಿಮಿಷಕ್ಕೆ ಎಷ್ಟು ಹೊತ್ತಿನ ದುಡಿಮೆ ಬೇಕಾಯಿತು ನೋಡಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ಕರೆಂಟು ಬಂದ ಕೂಡಲೇ ಪಂಪು, ಗೀಸರು, ಫ್ರಿಜ್ಜು ಎಲ್ಲ ಮನೆಗಳಲ್ಲೂ ಒಟ್ಟಿಗೆ ಎಳೆದು ಟ್ರಾನ್ಸ್‌ಫಾರ್ಮರ್ ಮತ್ತೆ ಬೀಳುವುದಿಲ್ಲವೇ, ಸಿಗ್ನಲಿಂಗ್ ಬಿರುಗಾಳಿಯೂ ಅದೇ. ಅದಕ್ಕೇ ಹೇಳುವುದು, ಬಾಗಿಲನ್ನು ಒಮ್ಮೆಲೇ ತೆರೆಯಬೇಡಿ. ಟವರುಗಳನ್ನು ಗುಂಪುಗುಂಪಾಗಿ ತನ್ನಿ, ಒಂದು ಗುಂಪು ನೆಲೆ ನಿಂತದ್ದನ್ನು ನೋಡಿ ಮುಂದಿನದಕ್ಕೆ ಕೈಹಾಕಿ. ನೋಂದಣಿಯ ಕೋರಿಕೆಗಳಿಗೆ ಸೆಕೆಂಡಿಗೆ ಇಷ್ಟು ಅಂತ ಮಿತಿ ಹಾಕಿ, ಮಿಕ್ಕವಕ್ಕೆ ‘503, ಇಷ್ಟು ಸೆಕೆಂಡು ಬಿಟ್ಟು ಬಾ’ ಅಂತ ಹೇಳಿಸಿ. ಆ ಸೆಕೆಂಡುಗಳು ಎಲ್ಲರಿಗೂ ಒಂದೇ ಇರಬಾರದು. ಒಂದೇ ಇಟ್ಟರೆ ಎಲ್ಲವೂ ಮತ್ತೆ ಒಟ್ಟಿಗೇ ಬಂದು ನಿಲ್ಲುತ್ತವೆ. ಬಿದ್ದ ಲಿಂಕ್ ಎದ್ದಿತು ಅಂತ ಟ್ರಾಫಿಕ್ಕನ್ನು ಅದೇ ಗಳಿಗೆಯಲ್ಲಿ ಹಿಂದಕ್ಕೆ ತರಬೇಡಿ, ಸ್ವಲ್ಪ ಹೊತ್ತು ಅದರ ದೋಷಗಳ ಎಣಿಕೆ ನೋಡಿ. ಮೇಲಧಿಕಾರಿ ಫೋನಿನಲ್ಲಿ ‘ಇನ್ನೂ ಆಗಲಿಲ್ಲವೇ’ ಅಂತ ಗದರುತ್ತಿರುತ್ತಾರೆ, ಗದರಲಿ. ‘ಇಂತಿಷ್ಟು ಗುಂಪು ಬಂದಿದೆ, ಮುಂದಿನದು ಹತ್ತು ನಿಮಿಷದಲ್ಲಿ’ ಅಂತ ನಿಧಾನವಾಗಿ ಹೇಳಿ. ತಾಳಿದವನು ಬಾಳಿಯಾನು ಅನ್ನುವುದು ಕಂಟ್ರೋಲ್ ರೂಮಿನ ಗೋಡೆಗೆ ಬರೆಸಬೇಕಾದ ಗಾದೆ.

ಎಲ್ಲ ಹಿಂದಕ್ಕೆ ತರಲು ಜಾಗವಿರಬೇಕಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಎಸ್‌ಎಸ್7 ಕಟ್ಟಿದವರು ಲಿಂಕುಗಳನ್ನು ಜೋಡಿಯಾಗಿಟ್ಟು, ಒಂದೊಂದರ ಮೇಲೂ ಶೇ. 40ಕ್ಕಿಂತ ಹೆಚ್ಚು ಭಾರ ಹೇರದಂತೆ ಲೆಕ್ಕ ಹಾಕುತ್ತಿದ್ದರು. ಒಂದು ಸತ್ತರೆ ಇನ್ನೊಂದು ಶೇ. 80 ಹೊತ್ತು, ಇನ್ನೂ ಉಸಿರಾಡಬೇಕು. ಈಗಿನ ನೀವು ಎರಡೂ ಲಿಂಕನ್ನು ಶೇ. 70ಕ್ಕೆ ಓಡಿಸಿ ‘ನಮಗೆ ಬದಲಿ ದಾರಿ ಇದೆ’ ಅನ್ನುತ್ತೀರಿ. ಒಂದು ಹೋದ ದಿನ 140 ಯಾವುದರಲ್ಲಿ ಹಿಡಿಸುತ್ತೀರಿ? ತಿಂಗಳಿಗೊಮ್ಮೆ ಈ ಕೂಡುವ ಲೆಕ್ಕ ಮಾಡಿ. ಬದಲಿ ದಾರಿಯ ಇನ್ನೊಂದು ಮೋಸ ನೆಲದಡಿ ಇದೆ. ನಕ್ಷೆಯಲ್ಲಿ ಎರಡು ಬಣ್ಣದ ಎರಡು ಗೆರೆ ಇರುತ್ತವೆ. ಹೊಳೆ ದಾಟುವ ಸೇತುವೆ ಹತ್ತಿರ ಬಂದಾಗ ಎರಡೂ ಒಂದೇ ಪೈಪಿನಲ್ಲಿ ಮಲಗಿರುತ್ತವೆ. ನಕ್ಷೆಯನ್ನು ನಂಬಬೇಡಿ, ಒಮ್ಮೆ ಗಾಡಿ ಹತ್ತಿ ದಾರಿಯುದ್ದಕ್ಕೂ ಹೋಗಿ ನೋಡಿ ಬನ್ನಿ. ನಮ್ಮಲ್ಲಿ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯೂ ಡಿಗ್’ ಅಂತ ಆ್ಯಪ್ ಬಂದಿದೆ. ಅಗೆಯುವವರು ಮೊದಲೇ ತಿಳಿಸಿದರೆ ಅಲ್ಲಿ ಯಾರ ಕೇಬಲ್ ಇದೆಯೋ ಅವರಿಗೆ ಸುದ್ದಿ ಮುಟ್ಟುತ್ತದೆ. ಆ ಸುದ್ದಿ ನಿಮಗೆ ಬಂದಾಗ ಓದದೆ ಬಿಡಬೇಡಿ. ಓದಿ, ಜನ ಕಳಿಸಿ. ಫೈಬರ್ ಹರಿದ ಮೇಲೆ ಓಡುವುದು ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

‘ಸಣ್ಣ ಬದಲಾವಣೆ, ಟೆಸ್ಟ್ ಬೇಡ’ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. 1991ರ ಜೂನ್ ಕೊನೆ, ಜುಲೈ ಮೊದಲಲ್ಲಿ ಅಮೆರಿಕದ ವಾಷಿಂಗ್ಟನ್, ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್ ಸೀಮೆಗಳಲ್ಲಿ ಫೋನುಗಳು ಸಾಲಾಗಿ ಸತ್ತವು. ಸಿಗ್ನಲಿಂಗ್ ಸಂದೇಶಗಳನ್ನು ಹಂಚುವ ಎಸ್‌ಟಿಪಿ ಯಂತ್ರಗಳನ್ನು ಮಾಡುತ್ತಿದ್ದ ಡಿಎಸ್‌ಸಿ ಕಂಪನಿ, ಲಕ್ಷಗಟ್ಟಲೆ ಸಾಲಿನ ಪ್ರೋಗ್ರಾಮಿನಲ್ಲಿ ಮೂರೇ ಸಾಲು ಬದಲಿಸಿ, ಅಷ್ಟಕ್ಕೇಕೆ ಪೂರ್ತಿ ಪರೀಕ್ಷೆ ಅಂತ ಬಿಟ್ಟಿತ್ತು. ದಟ್ಟಣೆ ಆದಾಗ ಕಾಪಾಡಬೇಕಾದ ಭಾಗದಲ್ಲೇ ಒಂದು ಅಕ್ಷರ ತಪ್ಪಿತ್ತು. ದಟ್ಟಣೆ ಆದಾಗ ಅದು ತಡೆಯುವ ಬದಲು ಮತ್ತಷ್ಟು ಸಂದೇಶ ಸುರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ? ಇನ್ನು ಕೆನಡಾದ ರಾಜರ್ಸ್ ಕಂಪನಿ, 2022ರ ಜುಲೈ 8. ಏಳು ಹಂತದ ಕೆಲಸದಲ್ಲಿ ಐದು ಹಂತ ಸುಸೂತ್ರ ಆಗಿದ್ದರಿಂದ ಆರನೆಯದರ ಅಪಾಯ ‘ಹೆಚ್ಚು’ ಅಂತ ಇದ್ದದ್ದನ್ನು ‘ಕಡಿಮೆ’ ಅಂತ ಇಳಿಸಲಾಗಿತ್ತು. ಆ ಹಂತದಲ್ಲಿ ರೂಟರಿನ ಒಂದು ಫಿಲ್ಟರ್ ತೆಗೆದರು, ದಾರಿಗಳ ಮಾಹಿತಿ ಹೊಳೆಯಾಗಿ ಕೋರ್‌ಗೆ ನುಗ್ಗಿತು, 1.2 ಕೋಟಿಗೂ ಹೆಚ್ಚು ಗ್ರಾಹಕರ ಸಂಪರ್ಕ ಹೋಯಿತು. ಐದು ಸಲ ಸರಿಹೋದದ್ದು ಆರನೆಯದಕ್ಕೆ ಜಾಮೀನು ಕೊಡುವುದಿಲ್ಲ. ಪ್ರತಿ ಹಂತವನ್ನೂ ಹೊಸದಾಗಿ ತೂಗಿ. ಕೆಲಸ ಶುರುಮಾಡುವ ಮೊದಲೇ ಹಿಂದಕ್ಕೆ ಬರುವ ದಾರಿಯನ್ನು ಬರೆದಿಡಿ, ಇಷ್ಟು ಗಂಟೆಯೊಳಗೆ ಆಗದಿದ್ದರೆ ವಾಪಸ್ ಅಂತ ಗಡುವು ಇಟ್ಟುಕೊಳ್ಳಿ. ಗಡುವು ಬಂದಾಗ ‘ಇನ್ನೊಂದೇ ಐದು ನಿಮಿಷ’ ಅನ್ನಬೇಡಿ. ಸರ್ಟಿಫಿಕೇಟುಗಳ ಅವಧಿ ಮುಗಿಯುವ ದಿನವನ್ನೂ ಇದೇ ಪುಸ್ತಕದಲ್ಲಿ ಬರೆಯಿರಿ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಗ್ರಾಹಕರು ಡೇಟಾ ಇಲ್ಲದೆ ಒದ್ದಾಡಿದ್ದು ಎರಿಕ್ಸನ್ ಸಾಫ್ಟ್‌ವೇರಿನಲ್ಲಿ ಅಂಥ ಒಂದು ಸರ್ಟಿಫಿಕೇಟಿನ ತಾರೀಕು ಮುಗಿದದ್ದರಿಂದ.

ರಾಜರ್ಸ್ ಕತೆಯಲ್ಲಿ ಇನ್ನೊಂದು ಪಾಠವಿದೆ. ನೆಟ್‌ವರ್ಕ್ ಬಿದ್ದಾಗ ಅದನ್ನು ಎತ್ತಬೇಕಾದ ಸಿಬ್ಬಂದಿಯ ಫೋನೂ ಅದೇ ನೆಟ್‌ವರ್ಕಿನದು. ಯಂತ್ರಗಳಿಗೆ ದೂರದಿಂದ ಕೈಹಾಕುವ ದಾರಿಯೂ ಅದೇ ಕೋರ್ ಮೂಲಕ ಹೋಗುತ್ತಿತ್ತು. ಯಾರು ಯಾರನ್ನು ಕರೆಯುವುದು? ದೀಪದ ಬುಡದಲ್ಲಿ ಕತ್ತಲೆ. ನೀವು ಬೇರೆ ಕಂಪನಿಯ ಒಂದು ಸಿಮ್ ಕಿಸೆಯಲ್ಲಿಟ್ಟುಕೊಳ್ಳಿ, ನಾಚಿಕೆಪಡಬೇಡಿ. ಮುಖ್ಯ ನಂಬರುಗಳನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಮೇಜಿನ ಗಾಜಿನಡಿ ಇಡಿ. ಯಂತ್ರಗಳನ್ನು ಮುಟ್ಟಲು ಬೇರೆಯದೇ ಒಂದು ದಾರಿ ಇದೆಯೇ, ಇದ್ದರೆ ಅದು ಕೆಲಸ ಮಾಡುತ್ತದೆಯೇ ಅಂತ ತಿಂಗಳಿಗೊಮ್ಮೆ ಆ ದಾರಿಯಿಂದಲೇ ಲಾಗಿನ್ ಆಗಿ ನೋಡಿ.

ಕರೆಂಟಿನ ಅಲಾರಂ ಬಂದರೆ ‘ಅದು ಎಲೆಕ್ಟ್ರಿಕಲ್‌ನವರದು’ ಅಂತ ಮುಖ ತಿರುಗಿಸಬೇಡಿ. 1991ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಥಾಮಸ್ ಸ್ಟ್ರೀಟಿನ ಎಕ್ಸ್‌ಚೇಂಜು ಸ್ವಂತ ಜನರೇಟರಿಗೆ ಬದಲಾದಾಗ ರೆಕ್ಟಿಫಯರುಗಳು ಕೈಕೊಟ್ಟವು. ಭಾರವೆಲ್ಲ ಬ್ಯಾಟರಿಯ ಮೇಲೆ ಬಿತ್ತು. ಬ್ಯಾಟರಿ ಸುಮಾರು ಆರು ಗಂಟೆ ದುಡಿಯಿತು. ಅಷ್ಟೂ ಹೊತ್ತು ಅಲಾರಂ ಇತ್ತು, ನೋಡುವವರು ಇರಲಿಲ್ಲ. ಸಿಬ್ಬಂದಿ ಹೋಗಿದ್ದದ್ದು ಹೊಸ ಅಲಾರಂ ವ್ಯವಸ್ಥೆಯ ತರಬೇತಿಗೆ. ಬ್ಯಾಟರಿ ಬರಿದಾದ ಮೇಲೆ ನಗರದ ಮೂರು ದೊಡ್ಡ ವಿಮಾನ ನಿಲ್ದಾಣಗಳಿಗೆ ಸಂಪರ್ಕ ತಪ್ಪಿ ವಿಮಾನಗಳು ನಿಂತವು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಅಂದರೆ ಎರಡೆರಡು ವೋಲ್ಟಿನ 24 ಸೆಲ್. ಒಂದು ಸೆಲ್ ಸೊರಗಿದರೂ ಇಡೀ ಸಾಲು ಬೇಗ ಕುಸಿಯುತ್ತದೆ. ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಮೀಟರ್ ಹಿಡಿದು ಬರೆಯಿಸಿ. ಟೀ ಕುಡಿಯಲು ಹೋಗುವಾಗಲೂ ಒಬ್ಬರು ಪರದೆಯ ಮುಂದೆ ಇರಲೇಬೇಕು.

ಕಾರ್ಡ್ ಬದಲಿಸುವ ಹೊತ್ತು ಬಂದರೆ, ಮೊದಲು ಕೈಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಸ್ಪೇರ್ ಕಾರ್ಡಿನ ಸಾಫ್ಟ್‌ವೇರ್ ಆವೃತ್ತಿ ನೋಡಿ. ಎರಡು ಕಾರ್ಡನ್ನು ಒಟ್ಟಿಗೆ ಮುಟ್ಟಬೇಡಿ, ಮುಟ್ಟಿದರೆ ಯಾವುದರಿಂದ ಸರಿಹೋಯಿತು ಅಂತ ಎಂದಿಗೂ ತಿಳಿಯುವುದಿಲ್ಲ. ಕೆಟ್ಟ ಕಾರ್ಡಿಗೆ ಚೀಟಿ ಅಂಟಿಸದೆ ಸ್ಪೇರ್ ಡಬ್ಬಿಗೆ ಹಾಕಿದರೆ, ಮುಂದಿನ ಸಲ ಅದನ್ನೇ ತೆಗೆದು ಹಾಕುತ್ತೀರಿ. 1986ರ ಜುಲೈಯಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು ಶುರುವಾಯಿತು. ಏರ್ ಕಂಡಿಷನ್ ಇಲ್ಲದ ಕೋಣೆ, ಧೂಳು, ಬಿಸಿಲು, ದೊಡ್ಡ ಇಂಜಿನಿಯರ್ ಹತ್ತಿರದಲ್ಲಿಲ್ಲದ ಊರು, ಇದಕ್ಕೆಲ್ಲ ಒಗ್ಗುವಂತೆ ಅದನ್ನು ಮಾಡಿದ್ದರು. ಅಂಥ ಪುಟ್ಟ ಎಕ್ಸ್‌ಚೇಂಜುಗಳು ಹಳ್ಳಿಹಳ್ಳಿಯಲ್ಲಿ ದುಡಿದದ್ದು ನೋಡಿಕೊಳ್ಳುವವರ ಶಿಸ್ತಿನ ಬಲದಿಂದಲೂ ಹೌದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡಿ. ಒಂದು ಪೋರ್ಟ್ ರೀಸೆಟ್ ಸಾಕಾದ ಕಡೆ ಇಡೀ ಯಂತ್ರ ರೀಸ್ಟಾರ್ಟ್ ಮಾಡುವುದು ಸೋಮಾರಿತನ, ಜೊತೆಗೆ ಫಾಲ್ಟಿನ ಗುರುತನ್ನೂ ಅಳಿಸಿಹಾಕುತ್ತದೆ. ಮಾಡಲೇಬೇಕಾದರೆ ಮೊದಲು ಲಾಗ್ ತೆಗೆದಿಟ್ಟುಕೊಳ್ಳಿ.

ಟ್ರಾನ್ಸ್‌ಮಿಷನ್‌ನವರು ಕೋರ್‌ನವರ ಮೇಲೆ, ಕೋರ್‌ನವರು ಐಪಿಯವರ ಮೇಲೆ ಹಾಕುತ್ತಾ ಬ್ರಿಡ್ಜ್ ಕರೆಯಲ್ಲಿ ಗಂಟೆ ಕಳೆಯುತ್ತೀರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಆ ಕೂಸು ಯಾರು ಗೊತ್ತೇ? ಹೆರಿಗೆ ನೋವಿಗೆ ಆ್ಯಂಬುಲೆನ್ಸ್ ಕರೆಯುತ್ತಿರುವ ಮನೆಯವರು. ‘ನಮ್ಮ ಕಡೆ ಎಲ್ಲ ಸರಿ’ ಅನ್ನುವ ವಾಕ್ಯವನ್ನು ಸಾಕ್ಷಿ ಇಲ್ಲದೆ ಆಡಬೇಡಿ. ಲಿಂಕಿನ ಎರಡೂ ತುದಿಯವರು ಒಂದೇ ಹೊತ್ತಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕಳಿಸಿದ್ದೆಷ್ಟು, ಮುಟ್ಟಿದ್ದೆಷ್ಟು ತಾನೇ ಕಾಣುತ್ತದೆ. ಕರೆಯನ್ನು ನಡೆಸಲು ಒಬ್ಬರು, ಯಂತ್ರ ಮುಟ್ಟಲು ಒಬ್ಬರು, ಬರೆದುಕೊಳ್ಳಲು ಒಬ್ಬರು ಅಂತ ಮೊದಲೇ ಗೊತ್ತುಮಾಡಿ. ಯಂತ್ರ ಮುಟ್ಟುವವರನ್ನು ಯಾರೂ ಪ್ರಶ್ನೆ ಕೇಳಿ ಕಾಡಬಾರದು. ಗ್ರಾಹಕರಿಗೆ ‘ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ’ ಅಂತ ಕಾರಣ ಸಿಗುವ ಮೊದಲೇ ಹೇಳಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಯಾವ ಊರುಗಳಲ್ಲಿ ತೊಂದರೆ, ಏನು ನಡೆಯುತ್ತಿದೆ, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ, ಇಷ್ಟು ಹೇಳಿದರೆ ಜನ ಕಾಯುತ್ತಾರೆ.

ಲಿಂಕ್ ಬಂತು, ಅಲಾರಂ ಹೋಯಿತು. ನೀವು ತಟ್ಟನೆ ಟಿಕೆಟ್ ಮುಚ್ಚಿ ಎದ್ದುಬಿಡುತ್ತೀರಿ. ಕೂತುಕೊಳ್ಳಿ. ಅಲಾರಂ ಹೋಗುವುದು ಬೇರೆ, ಫಾಲ್ಟ್ ಹೋಗುವುದು ಬೇರೆ. ತೊಂದರೆಯಾದ ಊರಿನಿಂದ ಹೊರಗೆ ಒಂದು ಕರೆ, ಹೊರಗಿನಿಂದ ಒಳಗೆ ಒಂದು ಕರೆ, ಒಂದು ಎಸ್‌ಎಂಎಸ್, ಬೇರೆ ಕಂಪನಿಯ ನಂಬರಿಗೆ ಒಂದು ಕರೆ ಮಾಡಿಸಿ. ಎರಡೂ ಕಡೆ ದನಿ ಕೇಳಿತೇ ಅಂತ ಬಾಯಿಬಿಟ್ಟು ಕೇಳಿ. 112 ಸೇರುತ್ತಿದೆಯೇ ಅಂತ ಆ ಕೇಂದ್ರದವರಿಗೆ ಮೊದಲೇ ತಿಳಿಸಿ ಪರೀಕ್ಷಿಸಿ. ಮೊದಲು ದೂರು ಕೊಟ್ಟ ಗ್ರಾಹಕರಿಗೆ ನೀವೇ ಫೋನ್ ಮಾಡಿ, ಅವರು ‘ಸರಿಯಾಯಿತಮ್ಮಾ’ ಅಂದ ಮೇಲೆ ಮುಚ್ಚಿ. ಕಾರಣದ ಜಾಗದಲ್ಲಿ ‘ತಾನೇ ಸರಿಹೋಯಿತು’ ಅಂತ ಬರೆದರೆ ಅದು ಉತ್ತರ ಅಲ್ಲ, ಮುಂದಿನ ಪಾಳಿಗೆ ಬಿಟ್ಟುಹೋದ ಸಾಲ. ಕಾರಣ ಸಿಗದಿದ್ದರೆ ‘ಸಿಕ್ಕಿಲ್ಲ, ಇಂತಿಂಥದ್ದು ನೋಡಿಯಾಗಿದೆ’ ಅಂತ ನೇರವಾಗಿ ಬರೆಯಿರಿ, ಯಾರೂ ನಿಮ್ಮನ್ನು ತಿನ್ನುವುದಿಲ್ಲ. ಪಾಳಿ ಒಪ್ಪಿಸುವಾಗ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಬೇಡಿ. ಕೂತು, ತೆರೆದಿರುವ ಪ್ರತಿ ಟಿಕೆಟ್ಟನ್ನೂ ತೋರಿಸಿ, ಬಂದವರು ಅರ್ಥವಾಯಿತು ಅಂದ ಮೇಲೆ ಹೊರಡಿ. ರಾತ್ರಿಯೆಲ್ಲ ಫಾಲ್ಟಿನ ಜೊತೆ ಗುದ್ದಾಡಿದ್ದರೆ ಬೈಕ್ ಓಡಿಸಿಕೊಂಡು ಹೋಗಬೇಡಿ, ಆಫೀಸಿನ ಗಾಡಿ ಕೇಳಿ. ಊಟವನ್ನೂ ಬಿಡಬೇಡಿ, ಹಸಿದ ಹೊಟ್ಟೆಯಲ್ಲಿ ಕಮಾಂಡ್ ಹೊಡೆಯುವ ಬೆರಳು ತಪ್ಪುತ್ತದೆ.

ಇನ್ನು ಫೀಲ್ಡಿನಲ್ಲಿರುವವರ ಬಗ್ಗೆ. ಫೈಬರ್ ಜೋಡಿಸುವ ಹುಡುಗರು ಮಳೆಯಲ್ಲಿ, ಗುಂಡಿಯಲ್ಲಿ, ಟಾರ್ಚ್ ಬೆಳಕಿನಲ್ಲಿ ಕೂತಿರುತ್ತಾರೆ. ಎ.ಸಿ. ಕೋಣೆಯಿಂದ ಅವರಿಗೆ ಏರು ದನಿಯಲ್ಲಿ ಮಾತಾಡಬೇಡಿ, ‘ಏನಪ್ಪಾ, ಗುಂಡಿಯಲ್ಲಿ ನೀರಿದೆಯಾ, ಟೆಂಟ್ ಬೇಕಾ’ ಅಂತ ಕೇಳಿ. ಫೈಬರ್ ಎಷ್ಟು ದೂರದಲ್ಲಿ ಹರಿದಿದೆ ಅಂತ ಹೇಳುವ ಓಟಿಡಿಆರ್ ಮೀಟರ್ 14.2 ಕಿಲೋಮೀಟರ್ ತೋರಿಸಿತು ಅಂತ ರಸ್ತೆಯಲ್ಲಿ 14.2 ಅಳೆದು ಅಗೆಯಿಸಬೇಡಿ. ಓಟಿಡಿಆರ್ ಅಳೆಯುವುದು ಗಾಜಿನ ಎಳೆಯ ಉದ್ದವನ್ನು. ದಾರಿಯ ಪ್ರತಿ ಜಾಯಿಂಟ್ ಚೇಂಬರಿನಲ್ಲೂ ಹಲವು ಮೀಟರ್ ಕೇಬಲ್ ಸುರುಳಿ ಸುತ್ತಿಟ್ಟಿರುತ್ತಾರೆ, ಆದ್ದರಿಂದ ನೆಲದ ಮೇಲಿನ ದೂರ ಅದಕ್ಕಿಂತ ಕಡಿಮೆ. ಹತ್ತಿರದ ಚೇಂಬರ್ ಎಷ್ಟನೆಯ ಕಿಲೋಮೀಟರಿನಲ್ಲಿ ಕಾಣಬೇಕು ಅನ್ನುವ ಹಳೆಯ ಗ್ರಾಫ್ ಪಕ್ಕದಲ್ಲಿಟ್ಟು, ಆ ಚೇಂಬರಿನಿಂದ ಮುಂದಕ್ಕೆ ಎಷ್ಟು ಮೀಟರ್ ಅಂತ ಅವರಿಗೆ ಹೇಳಿ. ಆ ಕಡೆಯ ತುದಿಯಿಂದಲೂ ಒಮ್ಮೆ ಅಳೆಸಿ, ಎರಡು ಅಳತೆ ಕೂಡಿದರೆ ಪೂರ್ತಿ ಉದ್ದ ಬರಬೇಕು. ಯಾವ ಬಣ್ಣದ ಟ್ಯೂಬಿನಲ್ಲಿ ಸಿಗ್ನಲಿಂಗ್ ಹೋಗುವ ಎಳೆ ಇದೆ ಅಂತ ತಿಳಿಸಿ, ಅದನ್ನೇ ಮೊದಲು ಜೋಡಿಸಲಿ. ಜೋಡಣೆ ಮುಗಿದ ಮೇಲೆ ಎರಡೂ ಕಡೆಯಿಂದ ಲಾಸ್ ಅಳೆದು, ಚೇಂಬರ್ ಮುಚ್ಚುವ ಮೊದಲು ಒಂದು ಫೋಟೋ ತೆಗೆಸಿಕೊಂಡು, ಅವರನ್ನು ಮನೆಗೆ ಕಳಿಸಿ. ನಿಮ್ಮ ಟಿಕೆಟ್ ಆಮೇಲೆ ಮುಚ್ಚಬಹುದು.